ಸೊನ್ನೆ ಬರೆಯಲು ಹೋದವಳು

ಅಲ್ಲಿ ಜನ ಇಲ್ಲವೆಂದು ಎಲ್ಲರಿಗೂ ಗೊತ್ತು.
ಆದರೂ ಯಾರಾದರೂ ಹೋಗಿ, ಕಣ್ಣಾರೆ ಕಂಡು,
ಇಲ್ಲ ಎಂದು ಸಹಿ ಹಾಕಬೇಕು.
ಗಣತಿಯ ಕಾನೂನು ಹಾಗಿದೆ.
ಅದಕ್ಕೇ ಎವಾಂಥಿಯಾ, ಶಾಲೆಯ ಲೆಕ್ಕದ ಮೇಡಂ,
ಎದೆಗೆ ಅವುಚಿದ ಫೈಲು, ಪೇಟೆಯ ಚಪ್ಪಲಿ,
ಬೆಳಗಿನ ಏಳಕ್ಕೇ ಬಂದರಿನ ಕಟ್ಟೆಯ ಮೇಲಿದ್ದಳು.

ದೋಣಿಯವನ ಹೆಸರು ಅನಾರ್ಗಿರೋಸ್.
ಬೆಳ್ಳಿ ಮುಟ್ಟದವನು ಎಂದು ಅದರರ್ಥ.
ನಲವತ್ತು ಯೂರೋ ಅಂದ.
ಮೂವತ್ತಕ್ಕೆ ಇಳಿಯುವಷ್ಟರಲ್ಲಿ
ಬಂದರಿನ ಬೆಕ್ಕುಗಳೆಲ್ಲ ಸಾಕ್ಷಿಗೆ ಬಂದು ಕೂತಿದ್ದವು.

ನಡುಗಡ್ಡೆಗೆ ಕುಲೂರಿ ಅನ್ನುತ್ತಾರೆ,
ಎಳ್ಳು ಮೆತ್ತಿ ಸುಟ್ಟ ಬಳೆರೊಟ್ಟಿಯ ಹೆಸರು.
ದೂರದಿಂದ ನಿಜಕ್ಕೂ ಹಾಗೇ:
ದುಂಡಗೆ, ಕಂದಾಗಿ,
ಅಂಚಿನಲ್ಲಿ ಯಾರೋ ಒಂದು ತುತ್ತು ಕಚ್ಚಿದ ಗುರುತು.
ಆ ಕಚ್ಚಿನೊಳಗೇ ದೋಣಿ ನುಗ್ಗಬೇಕು.
"ಹಾರು" ಅಂದ. ಹಾರಿದಳು.
ಒಂದು ಚಪ್ಪಲಿ ಮೆಡಿಟರೇನಿಯನ್ನಿಗೆ ಸಂದಿತು.

ಕುಂಟುತ್ತ ಹತ್ತಿದಳು, ದಾರಿಯುದ್ದಕ್ಕೂ ಎಣಿಸುತ್ತ:
ಆಡು ಹದಿನೇಳು, ಕಿವಿಯಲ್ಲಿ ಒಡೆಯನ ಕತ್ತರಿಗುರುತು.
ಎಲೆಯಿಲ್ಲದೆ ಬಂಡೆಯಿಂದೆದ್ದ ಕಾಡೀರುಳ್ಳಿಯ ಹೂಗೋಲು,
ಲೆಕ್ಕಕ್ಕೆ ಸಿಗದಷ್ಟು.
ಬೀರುವಿನಷ್ಟಗಲದ ಚರ್ಚು, ಒಳಗೆ ಒಬ್ಬನೇ ಸಂತ,
ಅವನ ಮೂಗು ಹುಳದ ಪಾಲು.
ದೀಪದಲ್ಲಿ ಎಣ್ಣೆ ಇತ್ತು.
"ಯಾರು ಬರ್ತಾರೆ ಇಲ್ಲಿಗೆ?"
"ಗಾಳಿಗೆ ಸಿಕ್ಕು ಉಳಿದವರು.
ಉಳಿಯದೆ ಹೋದವರ ಹೆಂಡಂದಿರು."
ಮಳೆನೀರಿನ ತೊಟ್ಟಿ, ಮೊಳೆಗೆ ತೂಗಿದ ತಗಡಿನ ಲೋಟ.
ಲೋಟವೆಲ್ಲ ತುಕ್ಕು,
ತುಟಿ ತಾಗುವಲ್ಲಿ ಮಾತ್ರ ಹೊಳಪು.

ಕಲ್ಲು ಹಾಸಿದ ಹಳೆಯ ಕಣದ ನಡುವೆ ಕೂತು
ನಮೂನೆ ಬಿಚ್ಚಿದಳು.
ಗಂಡು: ಸೊನ್ನೆ. ಹೆಣ್ಣು: ಸೊನ್ನೆ.
ಮನೆ:
ಇಲ್ಲಿ ಪೆನ್ನು ತಡೆಯಿತು.
ನಾಲ್ಕು ಗೋಡೆಯಿದ್ದು ಸೂರಿಲ್ಲದ್ದು ಮನೆಯೇ?
ಟಿಪ್ಪಣಿಗೆ ಒಂದೇ ಗೆರೆ ಜಾಗ.

ಮೂರರ ಹೊತ್ತಿಗೆ ಬಡಗಾಳಿ ಎದ್ದಿತು.
ಅನಾರ್ಗಿರೋಸ್ ಕಡಲು ನೋಡಿದ, ಹಗ್ಗ ನೋಡಿದ,
ಅವಳ ಬರಿಗಾಲು ನೋಡಿ
"ನಾಳೆ" ಅಂದ.

ರೊಟ್ಟಿ, ಉಪ್ಪುಗಿಣ್ಣು, ಅರ್ಧ ಈರುಳ್ಳಿ.
ಸಂತನ ದೀಪ ಹಚ್ಚಿ ಬಂದು ಅವನು ಕಣದ ಆ ಅಂಚಿಗೆ,
ಅವಳು ಈ ಅಂಚಿಗೆ, ನಡುವೆ ಫೈಲು.
ನಡುರಾತ್ರಿ ಬಂಡೆಯ ಬಿಲಗಳಿಂದ ಕೂಸುಗಳು ಅತ್ತವು.
ಬೆಚ್ಚಿ ಎದ್ದಳು.
"ಹಕ್ಕಿ" ಎಂದಿತು ಕತ್ತಲು,
"ಹಗಲೆಲ್ಲ ಕಡಲ ಮೇಲೆ, ರಾತ್ರಿ ಮನೆಗೆ ಬಂದು ಜಗಳ."
ಸ್ವಲ್ಪ ಹೊತ್ತು ಬಿಟ್ಟು, ಕೇಳದೆಯೇ:
"ನಮ್ಮಜ್ಜಿ ಇದೇ ಕಣದ ಮೇಲೆ ಹುಟ್ಟಿದ್ದು.
ಬಾರ್ಲಿ ತುಳಿಸ್ತಾ ಇದ್ದಾಗ, ಕತ್ತೆಗಳ ನಡುವೆ.
ಆಗ ಎಣಿಸೋಕೆ ಯಾರೂ ಬರಲಿಲ್ಲ."

ಟಾರ್ಚು ಹಾಕಿ ಕೈಪಿಡಿ ತೆಗೆದಳು.
ಒಂಬತ್ತನೇ ಪುಟ, ಕೆಳಗಿನಿಂದ ಎರಡನೇ ಸಾಲು:
ಗಣತಿಯ ರಾತ್ರಿ ಎಲ್ಲಿ ಮಲಗಿರುವರೋ
ಅಲ್ಲಿಯವರೆಂದೇ ತಿಳಿಯತಕ್ಕದ್ದು.
ಗಟ್ಟಿಯಾಗಿ ಓದಿದಳು. ಗಾಳಿಗೆ ಇನ್ನೊಮ್ಮೆ ಓದಬೇಕಾಯಿತು.
"ಕಸುಬು?"
"ನೋಡ್ತಾ ಇದೀಯಲ್ಲ."
"ಎಷ್ಟು ಕಾಲದಿಂದ ಇಲ್ಲಿ ವಾಸ?"
ಅವನು ಗಡಿಯಾರವನ್ನು ಟಾರ್ಚಿನ ಬೆಳಕಿಗೆ ಹಿಡಿದ.
"ಹದಿನಾರು ಗಂಟೆ."

ಅವಳ ಅಂಕಿಗಳಲ್ಲಿ ಸೊನ್ನೆಯನ್ನು ತಿದ್ದುವುದು ಕಷ್ಟ;
ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬರೆದು, ಚಿಕ್ಕ ಸಹಿ ಹಾಕಬೇಕು.
ನಮ್ಮಲ್ಲಾದರೆ ಸುಲಭವಿತ್ತು:
ಸೊನ್ನೆಯ ಅಂಚು ತುಸು ಕಚ್ಚಿದರೆ
ಅದೇ ಒಂದು.

ಬೆಳಗ್ಗೆ ಕಡಲು ಏನೂ ಆಗದವರ ಮುಖ ಮಾಡಿತ್ತು.
ಉಳಿದೊಂದು ಚಪ್ಪಲಿಯನ್ನು
ಲೋಟದ ಮೊಳೆಗೇ ತೂಗಿ ದೋಣಿ ಹತ್ತಿದಳು.
ಬಂದರು ಕಾಣುವ ಹೊತ್ತಿಗೆ ಅನಾರ್ಗಿರೋಸ್
ರಾತ್ರಿ ತಂಗಿದ್ದಕ್ಕೆ ಹತ್ತು ಯೂರೋ ಹೆಚ್ಚು ಕೇಳಿದ,
ಊರಿನವನು
ಊರಿನವಳನ್ನು ಕೇಳುವ ಹಾಗೆ.