ಬಣ್ಣ ಬಿಡದ್ದು

ಸಾಗರದ ಆಸ್ಪತ್ರೆಯ ಹಿಂಭಾಗದಲ್ಲಿ
ಹದಿನಾಲ್ಕನೇ ನಂಬರಿನ ಕೋಣೆ ನನ್ನದು.
ಕಿಟಕಿಗೆ ಫ್ಯಾನು; ಗಾಳಿ ಒಳಗಿಂದ ಹೊರಕ್ಕೆ ಮಾತ್ರ.
ಕೆಮ್ಮುವವರು ಅಂಗಳದಲ್ಲಿ ನಿಲ್ಲಬೇಕು,
ಸೈಕಲ್ ಸ್ಟ್ಯಾಂಡಿನ ಪಕ್ಕದ ನೇರಳೆ ಮರದ ಹತ್ತಿರ.

ಸುಲೋಚನಕ್ಕ ಒಂದೂವರೆ ತಿಂಗಳ ಕೆಮ್ಮು ಹೊತ್ತು ಬಂದಳು,
ಸೆರಗಿನ ತುದಿ ಬಾಯಿಗೆ.
ಬೆರಳ ಸಂದಿಯಲ್ಲಿ ಕೆಂಪು, ಉಗುರ ಬುಡದಲ್ಲಿ ಹಸಿರು.
"ಬೆಂಡಿನ ಕೆಲಸ. ಬಾಸಿಂಗ ಕಟ್ಟೋದು. ಗುಡಿಗಾರ್ರು ನಾವು,"
ಕೇಳದಿದ್ದರೂ ಹೇಳಿ, ಕೈ ಹಿಂದಕ್ಕೆ ಅಡಗಿಸಿದಳು.

ಡಬ್ಬಿ ಕೊಟ್ಟೆ,
ಮುಚ್ಚಳದ ಮೇಲಲ್ಲ, ಅದರ ಮೈಮೇಲೆ ನಂಬರು ಬರೆದು.
ತಿರುಗಿ ತಂದಳು: ನೀರಿನಷ್ಟು ತಿಳಿ,
ಮೇಲೆ ನಾಲ್ಕು ಗುಳ್ಳೆ.
"ಅಕ್ಕ, ಇದು ಎಂಜಲು. ನನಗೆ ಬೇಕಾದ್ದು ಕಫ."
"ಅದು ಬರೂದಿಲ್ಲ ತಂಗಿ."

ಬರುವುದಿಲ್ಲವೆಂದಲ್ಲ, ಬರಗೊಟ್ಟೇ ಇಲ್ಲ.
ಹದಿನಾರಕ್ಕೆ ಸೊಸೆಯಾಗಿ ಬಂದವಳು
ಅತ್ತೆಯ ನಿದ್ದೆಗೆ ಹೆದರಿ ನುಂಗಿ ನುಂಗಿ ರೂಢಿ.
ಮದುವೆ ಮನೆಯವರು ಆರ್ಡರು ಕೊಡಲು ಜಗಲಿಗೆ ಬಂದಾಗ
ಗಂಟಲಲ್ಲೇ ಅದುಮಿ ಮೇಲೊಂದು ಗುಟುಕು ನೀರು.
ಕೆಮ್ಮುವವಳು ಕಟ್ಟಿದ ಬಾಸಿಂಗ
ಯಾರ ಮನೆ ಮದುಮಗನ ಹಣೆಗೆ ಬೇಕು?

"ಬನ್ನಿ ಹೊರಗೆ" ಎಂದೆ.
ಮರದಡಿ ನಿಂತು ತೋರಿಸಿದೆ:
ಉಸಿರು ಎಳೀರಿ. ಹಿಡೀರಿ. ಬಿಡಿ.
ಮತ್ತೆ ಎಳೀರಿ, ಹೊಟ್ಟೆಯ ತನಕ ಇಳಿಸಿ, ಈಗ...
ಯಾವ ತರಬೇತಿಯಲ್ಲೂ ಹೇಳಿಕೊಡದಷ್ಟು ಜೋರಾಗಿ ನಾನೇ ಕೆಮ್ಮಿದೆ.
ಆಂಬುಲೆನ್ಸಿನ ಹನೀಫ್ ತಲೆ ಹೊರಹಾಕಿ,
"ಮೇಡಂ, ನಿಮ್ಮದೂ ಒಂದು ಟೆಸ್ಟ್ ಮಾಡಿಸಿ."
ಸುಲೋಚನಕ್ಕ ನಗಲು ಹೋದಳು.
ನಗು ಅರ್ಧಕ್ಕೆ ಮುರಿದು ಕೆಮ್ಮಾಯಿತು,
ಸೆರಗು ಜಾರಿತು,
ಇಪ್ಪತ್ತೆಂಟು ವರ್ಷದ್ದು ಒಮ್ಮೆಗೇ ಏರಿದ ಹಾಗೆ
ಮರ ತಬ್ಬಿ ಕೆಮ್ಮಿದಳು.
ಡಬ್ಬಿಯಲ್ಲಿ ಹಳದಿ, ದಪ್ಪ, ಬೇಕಾದಷ್ಟು.
ಹೆತ್ತವಳ ಹಾಗೆ ಬೆವರಿದ್ದಳು. ನಾಚಿ, ಮುಚ್ಚಿ ಕೊಟ್ಟಳು.

ಕಡ್ಡಿ ಮುರಿದು ಗಾಜಿಗೆ ಸವರಿದೆ.
ಒಣಗಿಸಿ, ಕೆಂಪು ಸುರಿದು, ಕೆಳಗಿಂದ ಉರಿ ತೋರಿಸಿದೆ.
ಹಬೆಯೇಳಬೇಕು, ಕುದಿಯಬಾರದು.
ಬಾಗಿಲಾಚೆಯಿಂದ ದನಿ: "ಎಷ್ಟು ಹೊತ್ತು ಕಾಯಿಸ್ತೀಯೆ?"
ಐದು ನಿಮಿಷ.
"ಆಮೇಲೆ?"
ಆಸಿಡ್ ಹಾಕಿ ತೊಳೆಯೋದು. ಎಲ್ಲ ಬಣ್ಣ ಬಿಡುತ್ತೆ.
"ಎಲ್ಲವೂ?"
ಅದೊಂದು ಬಿಡೋದಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದು, ಕಸುಬಿನವಳ ದನಿಯಲ್ಲಿ,
"ಅಂಥ ಕೆಂಪು ನಮಗೆ ಸಿಕ್ಕಿದ್ದೇ ಇಲ್ಲ.
ಒಂದು ಬೆವರಿಗೇ ಹುಬ್ಬಿಗಿಳಿಯುತ್ತೆ ನಮ್ಮದು."

ನೀಲಿ ಹಾಕಿದೆ, ಎಣ್ಣೆ ಹನಿಸಿದೆ, ಕಣ್ಣಿಟ್ಟೆ.
ನೀಲಿ. ನೀಲಿ. ಮತ್ತೂ ನೀಲಿ.
ನೂರು ಜಾಗ ನೋಡದೆ ಇಲ್ಲ ಎನ್ನುವಂತಿಲ್ಲ.
ಹನ್ನೊಂದನೆಯದರಲ್ಲಿ ಒಂದು,
ತುಸು ಬಾಗಿದ ಕೆಂಪು ಕಡ್ಡಿ.
ಹದಿನಾಲ್ಕರಲ್ಲಿ ಎರಡು, ಒಂದರ ಮೇಲೊಂದು ಕಾಲು ಚಾಚಿ.
ನೂರು ಮುಗಿಯುವಾಗ ನಲವತ್ತಮೂರು. ಒನ್ ಪ್ಲಸ್.
ಇದ್ದರೆ ಕೆಂಪು ಶಾಯಿಯಲ್ಲೇ ಬರೆಯಬೇಕು ರಿಜಿಸ್ಟರಿನಲ್ಲಿ.
ಪೆನ್ನು ಮೂಡಲಿಲ್ಲ.
ಅಂಗೈಯಲ್ಲಿ ಗೀಚಿ ಗೀಚಿ ಬರಿಸಿದೆ.

ಆಮೇಲಿನದೆಲ್ಲ ಗುಳಿಗೆ, ತೂಕ, ವಾಕರಿಕೆ,
ಕಿತ್ತಳೆ ಬಣ್ಣದ ಉಚ್ಚೆ
("ಇದೂ ಬಿಡದ ಬಣ್ಣವಾ?" ಎಂದಳಂತೆ ನರ್ಸಿಗೆ).
ಆ ಸಲದ ವೈಶಾಖದಲ್ಲಿ ಊರಿನ ಮದುವೆಗಳು
ಬೇರೆ ಯಾರೋ ಕಟ್ಟಿದ ಬಾಸಿಂಗದಲ್ಲಿ ನಡೆದವು.

ಆರು ತಿಂಗಳಿಗೆ ಬಂದಳು. ಡಬ್ಬಿ ಕೊಟ್ಟೆ.
ಎಳೆದಳು, ಹಿಡಿದಳು, ಹೊಟ್ಟೆಯ ತನಕ ಇಳಿಸಿದಳು,
ಹನೀಫ್ ಗಾಬರಿಯಾಗಿ ಇಳಿದು ಬರುವಷ್ಟು ಗಟ್ಟಿಯಾಗಿ
ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಮ್ಮಿದಳು.
ತಂದದ್ದು ಅದೇ: ನೀರಿನಷ್ಟು ತಿಳಿ, ನಾಲ್ಕು ಗುಳ್ಳೆ.
"ಬರೂದಿಲ್ಲ ತಂಗಿ."
ಈ ಸಲ ನಂಬಿದೆ.
ನಂಬಿಯೂ ನೂರು ಜಾಗ ನೋಡಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು,
"ಆ ಕೆಂಪು ಒಂಚೂರು ಕೊಡ್ತೀಯೇನೆ?"
ಹಣೆಗೆ ಹಚ್ಚೋ ಬಣ್ಣವಲ್ಲ ಅಕ್ಕ, ಅಂದೆ.
ಕೇಳಿಸಿತೋ ಇಲ್ಲವೋ,
ಕಪಾಟಿನ ಬಾಟಲಿಯನ್ನೇ ನೋಡುತ್ತಿದ್ದಳು,
ಬೆಳಕಿಗೆ ಹಿಡಿದರೆ ಹೇಗೆ ಕಂಡೀತೆಂದು
ಕಣ್ಣು ಕಿರಿದು ಮಾಡಿ.