ಎಡ ಹಿಂದುಗಡೆ ಎರಡಿಂಚು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಜಬೀವುಲ್ಲಾ ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತ.
ನಾಲ್ಕೂ ಚಕ್ರದ ನೆತ್ತಿ ಅಳೆದು
ಸೀಮೆಸುಣ್ಣದಲ್ಲಿ ನೆಲಕ್ಕೇ ಬರೆದ.
"ಎಡ ಹಿಂದುಗಡೆ ಎರಡಿಂಚು ಕುಸಿದಿದೆ, ಹುಚ್ರಾಯಣ್ಣ.
ಇಲ್ಲಿ ಯಾರು ಕೂರ್ತಿದ್ರು?"

ಯಾರೆಂದು ಹೇಳಲಿ.
ಸಾಮಿಲ್ಲಿನ ಷಡಕ್ಷರಪ್ಪನವರು, ನೂರಾ ಹತ್ತು ಕೆಜಿ,
ತೊಡೆಯ ಮೇಲೆ ಲೆಕ್ಕದ ಪುಸ್ತಕ, ಎಡಗೈ ಕಿಟಕಿಯ ಹೊರಗೆ.
ಇಪ್ಪತ್ತೆರಡು ವರ್ಷ ನಾನು ಬಾಗಿಲು ತೆಗೆದೆ,
ಅವರು ಕೂತರು,
ಕಾರು ನಿಟ್ಟುಸಿರು ಬಿಟ್ಟಿತು.
ಮಿಲ್ಲು ಮುಚ್ಚಿದ ದಿನ ಬಾಕಿಯಿದ್ದ ಮೂರು ವರ್ಷದ ಸಂಬಳ
ಒಂದು ಕೀ ಆಗಿ ನನ್ನ ಅಂಗೈಗೆ ಬಿತ್ತು.

ಕಾಂಟೆಸ್ಸಾ. ಕೆಎ ಹದಿನಾಲ್ಕು.
ಉದ್ದ ಮೂತಿ, ಅಗಲ ಭುಜ,
ಗರಡಿ ಬಿಟ್ಟರೂ ಮೀಸೆ ಬಿಡದ ಪೈಲ್ವಾನ.
ಎಂಜಿನ್ನು ಈಗಲೂ ಗುಟುರು ಹಾಕುತ್ತೆ;
ಮಂಡಿಗಳ ಕತೆ ಬೇರೆ.
ಗುಂಡಿಗಿಳಿದರೆ ಲಟಕ್.
ತಿರುವಿನಲ್ಲಿ ಕುಡುಕನ ಹಾಗೆ ಪಕ್ಕಕ್ಕೆ ವಾಲುತ್ತೆ.
ಒಂದು ಹಂಪು ದಾಟಿದರೆ ಮುಂದಿನ ಹಂಪಿನವರೆಗೂ
ಹೌದು ಹೌದು ಎಂದು ತಲೆಯಾಡಿಸುತ್ತಲೇ ಇರುತ್ತೆ.
ಅದು ನನ್ನಿಂದಲೇ ಕಲಿತದ್ದು ಅಂತಾಳೆ ಗಂಗಮಾಳಮ್ಮ.

ಜಬೀ ಬಿಚ್ಚುತ್ತಾ ಹೋದ.
ಬುಶ್ಶುಗಳು ಹಳೇ ಬೆಲ್ಲದಂತೆ ಬೆರಳಲ್ಲೇ ಪುಡಿಯಾದವು.
ಶಾಕಬ್ಸಾರ್ಬರಿಗೆ, ಎಳೆದರೂ ಒತ್ತಿದರೂ,
ಇಲ್ಲವೆನ್ನುವ ತ್ರಾಣವೇ ಉಳಿದಿರಲಿಲ್ಲ.
ಕಮಾನು ಪಟ್ಟಿಗಳ ಸಂದಿಯಲ್ಲಿ ಮರದ ಹೊಟ್ಟು,
ಉಗುರಲ್ಲಿ ಕೆದಕಿ ಮೂಸಿದೆ: ನಂದಿ ಇರಬೇಕು, ಬೀಟೆಯಲ್ಲ.
ಎಡಗಡೆಯ ಎರಡನೇ ಪಟ್ಟಿ ಯಾವಾಗಲೋ ಮುರಿದಿತ್ತು.
ಉಳಿದವು ಯಾರಿಗೂ ಹೇಳದೆ
ಅದರ ಪಾಲನ್ನೂ ಹೊತ್ತುಕೊಂಡಿದ್ದವು.

ಭದ್ರಾವತಿಯ ಆರೋಗ್ಯಸ್ವಾಮಿ,
ಕಬ್ಬಿಣದ ಕಾರ್ಖಾನೆಯಲ್ಲಿ ಕಣ್ಣು ಸುಟ್ಟುಕೊಂಡು ರಿಟೈರಾದವನು,
ಪಟ್ಟಿಗಳನ್ನು ಕೆಂಡದಲ್ಲಿ ಮಲಗಿಸಿದ.
ಶಾಖ ಅಳೆಯುವ ಯಂತ್ರವಿಲ್ಲ, ಬಣ್ಣ ನೋಡುತ್ತಾನೆ ಅಷ್ಟೇ.
"ದಾಸವಾಳ ಸಾಲದು. ಕನಕಾಂಬರ ಆಗ್ಲಿ."
ಬಡಿದು, ಬಾಗಿಸಿ, ಎಣ್ಣೆಗೆ ಅದ್ದಿದಾಗ
ಚೊಂಯ್ ಎಂದು ಎದ್ದ ಹೊಗೆಯಲ್ಲಿ
ಸಾಹುಕಾರರು ಎದ್ದು ಹೋದರು ಅಂದುಕೊಂಡೆ.
ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಜಬೀ ಮುಂದಿನ ಸ್ಪ್ರಿಂಗುಗಳನ್ನು ಬಿಚ್ಚಿ
ಅಕ್ಕಪಕ್ಕ ನಿಲ್ಲಿಸಿದ, ಶಾಲೆ ಮಕ್ಕಳ ಎತ್ತರ ನೋಡುವ ಹಾಗೆ.
ಬಲಗಡೆಯದು ಮುಕ್ಕಾಲಿಂಚು ಗಿಡ್ಡ.
"ಇದ್ಯಾರು ಮತ್ತೆ?"

ನಾನು ಐವತ್ತೆರಡು ಕೆಜಿ.
ಮರದ ಹರಾಜಿಗೆ, ಮಗಳ ಮದುವೆಗೆ, ಮಣಿಪಾಲದ ಆಸ್ಪತ್ರೆಗೆ
ಎಲ್ಲಕ್ಕೂ ನಾನೇ ಓಡಿಸಿದೆ.
ಅವರ ಮನೆಯ ಫೋಟೋಗಳಲ್ಲಿ ಕಾರಿದೆ.
ಸಂಬಳದ ಪುಸ್ತಕದಲ್ಲಿ ಕೊನೆಯ ಮೂರು ವರ್ಷ
ನನ್ನ ಹೆಸರಿನ ಮುಂದೆ ಖಾಲಿ.
ಇಲ್ಲಿ, ಗ್ರೀಸು ಮೆತ್ತಿದ ಸುರುಳಿಯೊಳಗೆ,
ಒಂದು ದಿನವೂ ಬಿಡದೆ ಹಾಜರಿ ಹಾಕಿತ್ತು.
ಅದನ್ನು ಎತ್ತಿಕೊಂಡೆ. ಅಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಹೊಸ ಜೋಡಿ ಕೂರಿಸಿ, ಜಾಕು ಇಳಿಸಿ,
ಜಬೀ ಬೋಲ್ಟುಗಳನ್ನು ಸಡಿಲವೇ ಬಿಟ್ಟ.
"ಗಾಳೀಲಿ ನೇತಾಡೋವಾಗ ಬಿಗಿದ್ರೆ
ರಬ್ಬರು ತಿರುಚಿಕೊಂಡು ಸಾಯುತ್ತೆ ಅಣ್ಣಾ.
ಭಾರ ಬಿದ್ದ ಮೇಲೇ ಬಿಗೀಬೇಕು. ಹೋಗಿ ಕೂತ್ಕೋ."

ಕೈ ತಾನಾಗಿಯೇ ಎಡ ಹಿಂದಿನ ಬಾಗಿಲು ತೆಗೆಯಿತು.
ಹಿಡಿದುಕೊಂಡು ನಿಂತೆ.
ಯಾರೂ ಹತ್ತಲಿಲ್ಲ.
"ಅಲ್ಲಲ್ಲ," ಅಂದ ಜಬೀ ನೆಲದಿಂದ, "ನಿನ್ ಜಾಗದಲ್ಲಿ."

ಕೂತೆ.
ಕೆಳಗೆ ಸ್ಪ್ಯಾನರು ಕಿರ್ರೆಂದಿತು, ಒಂದೊಂದೇ ಸುತ್ತು,
ನನ್ನ ಐವತ್ತೆರಡು ಕೆಜಿಯನ್ನು ಲೆಕ್ಕಕ್ಕೆ ಹಿಡಿದು.

ಗಾಜನೂರಿನ ಹಂಪಿನಲ್ಲಿ
ಒಂದು ಸಲ ಏರಿತು, ಒಂದು ಸಲ ಇಳಿಯಿತು,
ಸಾಕು ಅಂತ ಸುಮ್ಮನಾಯಿತು.

ಮುರಿದ ಪಟ್ಟಿಯನ್ನು ಬಿಸಾಡಲು ಮನಸ್ಸಾಗದೆ
ಆರೋಗ್ಯಸ್ವಾಮಿ ಮೆಟ್ಟುಗತ್ತಿ ಮಾಡಿಕೊಟ್ಟಿದ್ದಾನೆ.
ಗಂಗಮಾಳಮ್ಮ ಮಣೆ ಮೆಟ್ಟಿ ಕೂತು
ಎಳೆ ಹಲಸಿನಕಾಯಿ ಸೀಳುತ್ತಾಳೆ, ಅಂಟಿಗೆ ಎಣ್ಣೆ ಸವರಿಕೊಂಡು.
"ಸಾಹುಕಾರ್ರು ಚೆನ್ನಾಗಿ ಕೊಯ್ತಾರೆ ಕಣ್ರೀ."