ಐದನೆಯ ಮಗ್ಗುಲು

ತ್ಸೆತ್ಸೆರ್ಲೆಗ್ ಆಸ್ಪತ್ರೆಯ ಎಕ್ಸ್‌ರೇ ಕೋಣೆ ನನ್ನದು.
ಕಿಟಕಿಗೆ ಕಪ್ಪು ಕಂಬಳಿ, ಮೂಲೆಯಲ್ಲಿ
ಒಂದೇ ಸಮ ಗೊಣಗುವ ಹೀಟರು.
ಬರುವವರೆಲ್ಲ ಕುದುರೆಯಿಂದಲೋ
ಮೋಟಾರ್‌ಸೈಕಲ್ಲಿನಿಂದಲೋ ಬಿದ್ದವರು.
ಯಾವುದರಿಂದ ಎಂದು ನಾನು ಕೇಳುವುದಿಲ್ಲ,
ಮುರಿತದ ಓರೆ ನೋಡಿದರೆ ತಿಳಿಯುತ್ತದೆ.

ದುಲಾಮ್‌ಸುರೆನ್ ಬಂದದ್ದು ಜನವರಿಯಲ್ಲಿ,
ಜೀಪಿನ ಹಿಂದೆ, ಕುರಿಯ ತುಪ್ಪಟದಲ್ಲಿ ಸುತ್ತಿಕೊಂಡು.
ತೊಡೆಮೂಳೆ ಎರಡು ತುಂಡು.
ಅಳಲಿಲ್ಲ, ಬೈದಳು. ಕುದುರೆಯನ್ನಲ್ಲ,
ಬೇಸಿಗೆಯಲ್ಲೇ ಬಿಲ ತೋಡಿಟ್ಟು
ಈಗ ಬೆಚ್ಚಗೆ ಮಲಗಿರುವ ಮಾರ್ಮಟ್ಟನ್ನು.

ಅವಳ ಚಿಕ್ಕಪ್ಪ ದಂಬದರ್ಜಾ
ಮೂಳೆ ಕೂರಿಸುವವನು. ಏಳು ತಲೆಮಾರಿನ ಕೈ.
ನಮ್ಮಲ್ಲಿ ತಂದೆಯ ವಂಶಕ್ಕೆ ಮೂಳೆ ಎನ್ನುತ್ತೇವೆ,
ತಾಯಿಯ ಕಡೆಯದು ಮಾಂಸ.
‘ನಮ್ಮ ಮೂಳೆಗೆ ಕಬ್ಬಿಣ ಬೆರೆಸುತ್ತೀರೋ?’ ಅಂದ.
ಕಬ್ಬಿಣವಲ್ಲ, ಟೈಟೇನಿಯಂ, ಅಂದರು ಡಾಕ್ಟರು.
ಮುದುಕನಿಗೆ ಅದು ಯಾರೋ ರಷ್ಯನ್ನನ ಹೆಸರಿನ ಹಾಗೆ ಕೇಳಿಸಿತು.

ಮೊದಲ ಫಿಲ್ಮು: ಒಂದು ಪ್ಲೇಟು, ಎಂಟು ಸ್ಕ್ರೂ,
ಹಗಲಿನಷ್ಟು ಬಿಳಿ. ಮೂಳೆ ಮಾತ್ರ ಬೂದಿ.
ಆರನೆಯ ವಾರ, ಬಿರುಕಿನ ಸುತ್ತ
ಗಾಜಿಗೆ ಉಸಿರು ಬಿಟ್ಟಷ್ಟು ಮಸುಕು.

ಫಿಲ್ಮಿಗೆ ಕಾಣದ್ದನ್ನು ಡಾಕ್ಟರು ಹೇಳಿದರು,
ರಾತ್ರಿ ಪಾಳಿಯಲ್ಲಿ, ಉಪ್ಪು ಹಾಕಿದ ಚಹಾ ಕುಡಿಯುತ್ತ:
ಗಾಳಿ ಸೋಕಿದೊಡನೆ ಈ ಲೋಹ
ಕಣ್ಣಿಗೆ ಕಾಣದ ತುಕ್ಕೊಂದನ್ನು ಹೊದ್ದುಕೊಳ್ಳುತ್ತದಂತೆ.
ರಕ್ತ ಬಂದು ಅಪ್ಪುವುದು ಆ ಹೊದಿಕೆಯನ್ನು.
ಆಮೇಲೆ ತಿನ್ನುವ ಕಣಗಳು, ಸತ್ತ ಅಂಚನ್ನು ಮೇಯುತ್ತ;
ಅವುಗಳ ಹೆಜ್ಜೆಯಲ್ಲೇ ಕಟ್ಟುವ ಕಣಗಳು.
ಮೊದಲು ಅವಸರದ ಮೂಳೆ,
ತುಳಿದು ಕಂಬಳಿ ಮಾಡುವ ಮುಂಚಿನ ಉಣ್ಣೆಯಂಥದ್ದು.
ಅದನ್ನೂ ಮೇದು, ಮತ್ತೆ ಕಟ್ಟಿ, ಎಳೆಗೆ ಎಳೆ ಸೇರಿಸಿ,
ಸ್ಕ್ರೂವಿನ ಒಂದೊಂದು ಸುರುಳಿಯ ಸಂದಿಗೂ ಇಳಿಯುತ್ತದೆ.
ನನಗೆ ತಿಳಿದದ್ದು ಇಷ್ಟೇ:
ಮಂದೆ ಮೇಯದ ಕಡೆ
ಹೊಸ ಹುಲ್ಲು ಏಳುವುದಿಲ್ಲ.

ದಂಬದರ್ಜಾ ಪ್ರತಿ ಭಾನುವಾರ ಬರುತ್ತಿದ್ದ.
ಹೀಟರಿಗೆ ಅಂಗೈ ಹಿಡಿದು, ಬಿಸಿ ಮಾಡಿಕೊಂಡು
ಅವಳ ತೊಡೆಯ ಮೇಲೆ ಇಟ್ಟು ಕಣ್ಣು ಮುಚ್ಚುತ್ತಿದ್ದ.
‘ನಾಲಿಗೆಗೆ ಎಲುಬಿಲ್ಲ, ಏನು ಬೇಕಾದರೂ ಅನ್ನುತ್ತೆ.
ಎಲುಬಿಗೆ ನಾಲಿಗೆಯಿಲ್ಲ,
ಕೈಯಿಟ್ಟು ಕೇಳಬೇಕು.’
ಹತ್ತನೆಯ ವಾರ ಕೇಳಿಸಿಕೊಂಡು ಅಂದ:
‘ಇದು ಸೋಮಾರಿಯಾಗ್ತಿದೆ.
ಪಕ್ಕದವನು ಹೊರುತ್ತಾನೆ ಅಂತ ಗೊತ್ತಾಗಿಬಿಟ್ಟಿದೆ ಇದಕ್ಕೆ.’

ಅದೇ ದಿನ ನನ್ನ ಫಿಲ್ಮಿನಲ್ಲಿ
ಪ್ಲೇಟಿನ ಕೆಳಗೆ ಮೂಳೆ ತೆಳ್ಳಗಾಗಿತ್ತು.
ಡಾಕ್ಟರು ಫಿಲ್ಮು ನೋಡಿದರು,
ಮುದುಕನ ಕೈ ನೋಡಿದರು,
ಏನೂ ಅನ್ನದೆ ಚೀಟಿ ಬರೆದರು: ಭಾರ ಹಾಕಲಿ.

ಎಷ್ಟು ಕಿಲೋ ಎಂಬುದು ಅವಳಿಗೆ ಬೇಡವಾಗಿತ್ತು.
ಆಗ ತಾನೇ ಹುಟ್ಟಿದ ಮರಿಯಷ್ಟು, ಅಂದಳು ಮೊದಲ ದಿನ.
ಆಮೇಲೆ ಅರ್ಧ ಕ್ಯಾನು ಹಾಲಿನಷ್ಟು.
ಆಮೇಲೆ ತುಂಬಿದ ಕ್ಯಾನು. ಆಮೇಲೆ ತಾನೇ.

ಎರಡು ವರ್ಷಕ್ಕೆ ಪ್ಲೇಟು ತೆಗೆಯಲು ಹೋದರೆ
ಏಳು ಸ್ಕ್ರೂ ಬಂದವು. ಎಂಟನೆಯದು ಹೂಂ ಅನ್ನಲಿಲ್ಲ.
ಮೂಳೆ ಅದರ ತಲೆಯ ಮೇಲೂ ಹತ್ತಿತ್ತು.
ತಲೆ ಕತ್ತರಿಸಿ, ಪ್ಲೇಟು ಬಿಡಿಸಿ,
ಕಾಂಡವನ್ನು ಅಲ್ಲೇ ಬಿಟ್ಟರು.
‘ಅದು ನಮ್ಮ ಕಡೆಯದಲ್ಲ ಇನ್ನು’ ಅಂದರು ಡಾಕ್ಟರು,
ಕೈಗವಸು ಕಳಚುತ್ತ.

ಹೊರಗೆ ಮೊಗಸಾಲೆಯಲ್ಲಿ ಅವಳ ಮಗಳು ಹೊಂಗೊರ್‌ಜುಲ್
ಕುರಿಯ ಕೀಲುಮೂಳೆ ಎಸೆದು ಆಡುತ್ತಿದ್ದಳು.
ನಾಲ್ಕು ಮಗ್ಗುಲು: ಕುದುರೆ, ಒಂಟೆ, ಕುರಿ, ಮೇಕೆ.
ಅವುಗಳ ನಡುವೆ ಒಂದು ಸ್ಕ್ರೂ ಎಸೆದಳು.
ಉರುಳಿತು, ಉರುಳುತ್ತಲೇ ಹೋಯಿತು,
ಮುದುಕನ ಬೂಟಿಗೆ ತಾಗಿ ನಿಂತಿತು.
‘ಇದು ಯಾವ ಪ್ರಾಣಿ, ಅಜ್ಜ?’
ಅವನು ಎತ್ತಿ, ಬೆರಳಲ್ಲಿ ತಿರುಗಿಸಿ ನೋಡಿದ ಬಹಳ ಹೊತ್ತು.
‘ಇನ್ನೂ ಹೆಸರಿಟ್ಟಿಲ್ಲ.’

ಹೋದ ವಾರದ ಫಿಲ್ಮು:
ಏಳು ಕಪ್ಪು ತೂತು, ಮುಚ್ಚುತ್ತಿವೆ.
ಒಂದು ಬಿಳಿ ಚುಕ್ಕೆ.
ಕುದುರೆ ಹತ್ತಬೇಡ ಇನ್ನೆರಡು ತಿಂಗಳು
ಎಂದು ಹೇಳಲು ಬಾಗಿಲಿಗೆ ಬಂದೆ.
ಗೇಟಿನ ಆಚೆ, ಲೈಟುಕಂಬಕ್ಕೆ ಕಟ್ಟಿದ ಕಂದು ಕುದುರೆ
ಹಿಮ ಕೆರೆಯುತ್ತಿತ್ತು,
ಜೀನು ಇನ್ನೂ ಬೆಚ್ಚಗೆ.